ಇದರಲ್ಲಿರುವುದೆಲ್ಲ ನನ್ನದೇ

ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಳ್ಳುವುದು ಇಷ್ಟು ಕಷ್ಟದ ಕೆಲಸವೆಂದು ಪಟ್ಟಿ ಮಾಸ್ತರನಿಗೆ ಗೊತ್ತಿರಲಿಲ್ಲ. ಮೊದಲ ಸಲ ಕೈ ತಾನಾಗಿ ಸರಿಯಾದ ಕಾಜಕ್ಕೇ ಹೋಯಿತು. ಎರಡನೆಯ ಸಲ ಮೇಲಿನ ಗುಂಡಿ ತಪ್ಪಿತು, ಆದರೆ ನಡುವೆಲ್ಲೋ ಬೆರಳುಗಳು ಕಳ್ಳತನದಿಂದ ಲೆಕ್ಕ ಸರಿ ಮಾಡಿಬಿಟ್ಟವು. ಮೂರನೆಯ ಸಲ ಕನ್ನಡಿಯ ಮುಂದೆ ನಿಂತು, ಪ್ರತಿ ಗುಂಡಿಯನ್ನೂ ಒಂದೊಂದು ಕಾಜ ಕೆಳಗಿಳಿಸಿ, ಕೊನೆಗೆ ಒಂದು ಗುಂಡಿ ಕೆಳಗೆ, ಒಂದು ಕಾಜ ಮೇಲೆ ಅನಾಥವಾಗಿ ಉಳಿದದ್ದನ್ನು ನೋಡಿ, ಮತ್ತೊಮ್ಮೆ ಮೇಲಿನಿಂದ ಎಣಿಸಿ, ತಪ್ಪು ಸರಿಯಾಗಿದೆ ಎಂದು ಖಚಿತ ಮಾಡಿಕೊಂಡ. ಗಡ್ಡ ಬೋಳಿಸಬಾರದು, ಗುಂಡಿ ಸರಿಯಾಗಿ ಹಾಕಬಾರದು, ಹೊತ್ತಿಗೆ ಸರಿಯಾಗಿ ಹೋಗಬಾರದು, ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬಾರದು ಎಂದು ಹೇಳಿಕೊಟ್ಟವರು ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ, ಎಲ್ಲರೂ ಮೀಸೆ ಎಂದು ಕರೆಯುವ ಮನುಷ್ಯ. ಮೇಲ್ಮನವಿಯ ಮಂಡಳಿಯ ಮುಂದೆ ಹುಚ್ಚು ಹುಚ್ಚಾಗಿ ಕಾಣಬೇಕು ಮಾರಾಯ, ಕಾಣದ ಹುಚ್ಚಿಗೆ ಮಾನ್ಯತೆ ಇಲ್ಲ ಎಂದು ಅವರು ಗದರಿಸಿದ್ದರು. ಮಾಸ್ತರ ಅದನ್ನೆಲ್ಲ ಒಂದು ಹಾಳೆಯಲ್ಲಿ ಕ್ರಮಸಂಖ್ಯೆ ಹಾಕಿ ಬರೆದುಕೊಂಡಿದ್ದ. ಈಗ ಎರಡನೆಯ ಸಂಖ್ಯೆಯ ಎದುರು ಗುರುತು ಹಾಕಿ ಹಾಳೆಯನ್ನು ಜೇಬಿಗಿಟ್ಟುಕೊಂಡ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಹೇಳಬೇಕಾದದ್ದನ್ನು ಅವಳು ಹೋದ ತಿಂಗಳೇ, ಅಡುಗೆಮನೆಯಲ್ಲಿ, ಚಮಚಗಳನ್ನು ಅವನ ಕೈಯಿಂದ ಕಿತ್ತುಕೊಂಡು ಹೇಳಿಯಾಗಿತ್ತು.

“ರೋಗ ಅಂತ ಒಂದು ಕಾಗದ ತನ್ನಿ, ಸಾಯೋವರೆಗೂ ಸಹಿಸ್ಕೋತೀನಿ. ರೋಗದವರನ್ನ ಬಿಟ್ಟು ಹೋಗೋವಷ್ಟು ಕೆಟ್ಟವಳಲ್ಲ ನಾನು. ಆದ್ರೆ ಇದು ನಿಮ್ಮ ಸ್ವಭಾವ ಅಂತಾದ್ರೆ ಮಾತ್ರ ನಂಗಾಗಲ್ಲ ರೀ. ತಂಗಿ ಮನೆಗೆ ಹೋಗ್ತೀನಿ.”

ಸ್ವಭಾವ ಎಂಬ ಮಾತು ಅವಳದ್ದಲ್ಲ, ಸೇವೆಯಿಂದ ಬಂದ ರೋಗವೆಂದು ಮಾನ್ಯ ಮಾಡಿ ಕಾರ್ಡು ಕೊಡಿರೆಂದು ಅವನು ಹಾಕಿದ ಅರ್ಜಿಗೆ ಬಂದ ಮೊದಲ ತೀರ್ಪಿನದು. ಅರ್ಜಿದಾರನು ಯುದ್ಧರಂಗದಿಂದ ತೊಂಬತ್ತು ಮೈಲಿ ಹಿಂದಿನ ಉಗ್ರಾಣದಲ್ಲಿ ಗುಮಾಸ್ತನಾಗಿದ್ದು, ಹನ್ನೊಂದು ವರ್ಷದಲ್ಲಿ ಒಂದು ಗುಂಡಿನ ಸದ್ದನ್ನೂ ಕೇಳಿದ ದಾಖಲೆಯಿಲ್ಲ. ಅರ್ಜಿಯ ಕೈಬರಹ ಅಪರೂಪವೆನ್ನುವಷ್ಟು ಅಂದವಾಗಿದೆ, ಒಂದು ಅಂಕಣವನ್ನೂ ಖಾಲಿ ಬಿಟ್ಟಿಲ್ಲ, ಕೇಳದ ಅನುಬಂಧಗಳನ್ನೂ ಲಗತ್ತಿಸಿದ್ದಾನೆ. ಮನಸ್ಸು ಕೆಟ್ಟವನು ಹೀಗೆ ಬರೆಯಲಾರ. ಆದ್ದರಿಂದ ಅರ್ಜಿದಾರನು ಹೇಳುವ ತೊಂದರೆಯು ಸೇವೆಯಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದ ಸ್ವಭಾವ. ಓದಿದಾಗ ಅವನಿಗೆ ಮೊದಲು ಆದದ್ದು ಸಂತೋಷ. ಕೈಬರಹವನ್ನು ಯಾರಾದರೂ ಹೊಗಳಿ ಎಷ್ಟೋ ವರ್ಷವಾಗಿತ್ತು. ಆಮೇಲೆ ನಾಚಿಕೆಯಾಯಿತು. ಅವನು ಯಾವ ಮಕ್ಕಳಿಗೂ ಪಾಠ ಹೇಳಿದ ಮಾಸ್ತರನಲ್ಲ. ಸತ್ತವರ ಸಾಮಾನಿನ ಉಗ್ರಾಣದಲ್ಲಿ ಪಟ್ಟಿ ಬರೆಯುತ್ತಿದ್ದವನಿಗೆ ಬದುಕಿದ್ದವರು ಇಟ್ಟ ಅಡ್ಡಹೆಸರು ಅದು. ಸೈನಿಕ ಸತ್ತರೆ ಅವನ ಚೀಲ ಅಲ್ಲಿಗೆ ಬರುತ್ತಿತ್ತು. ಅಂಗಿ ಎರಡು, ಬಾಚಣಿಗೆ ಒಂದು, ಅರ್ಧ ಸವೆದ ಸಾಬೂನು ಒಂದು. ಮೊದಲು ಸೋಸಬೇಕು, ಅಂದರೆ ಮನೆಯವರಿಗೆ ನೋವಾಗುವಂಥದ್ದನ್ನು ತೆಗೆದುಹಾಕಬೇಕು: ಬೇರೆ ಹೆಂಗಸಿನ ಕಾಗದ, ರಕ್ತದ ಕಲೆಯ ಬಟ್ಟೆ, ಪೂರ್ತಿಯಾಗದ ಪತ್ರ. ಪೂರ್ತಿಯಾಗದ ಪತ್ರ ಯಾಕೆ ನೋವು ಕೊಡುತ್ತದೆಂದು ನಿಯಮದ ಪುಸ್ತಕದಲ್ಲಿ ಹೇಳಿರಲಿಲ್ಲ. ಆಮೇಲೆ ಮಡಚಬೇಕು, ಪಟ್ಟಿ ಬರೆಯಬೇಕು, ಪೆಟ್ಟಿಗೆ ಮುಚ್ಚಿ ಮೊಹರು ಹಾಕಬೇಕು. ಮನೆಗೆ ಬಂದಮೇಲೆ ಅವನ ಕೈ ನಿಲ್ಲಲಿಲ್ಲ. ಪ್ರತಿ ಭಾನುವಾರ ಹೆಂಡತಿಯ ಪೆಟ್ಟಿಗೆ ತೆರೆದು, ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಮಡಚಿ, ಪಟ್ಟಿ ಬರೆದು, ಕೆಳಗೆ ಸಹಿ ಹಾಕಿ ಮುಚ್ಚುತ್ತಿದ್ದ. ಬೇಡವೆಂದರೆ ಮೈಯೆಲ್ಲ ಬೆವರಿ ಉಸಿರು ಕಟ್ಟುತ್ತಿತ್ತು. ಮೊದಮೊದಲು ಅವಳು ನಕ್ಕಳು, ನೆರೆಯವರ ಹತ್ತಿರ ನಮ್ಮವರು ಎಷ್ಟು ಅಚ್ಚುಕಟ್ಟು ಎಂದು ಹೇಳಿಕೊಂಡಳು. ಆಮೇಲೆ ಹೇಳುವುದನ್ನು ಬಿಟ್ಟಳು.

ತಡವಾಗಿ ಹೋಗಬೇಕೆಂಬ ಮೂರನೆಯ ಸಂಖ್ಯೆ ಕೈಕೊಟ್ಟಿತು. ಅರ್ಧ ಗಂಟೆ ತಡವಾಗಿ ಮನೆ ಬಿಟ್ಟರೂ ನಿಲ್ದಾಣಕ್ಕೆ ಕಾಲಿಡುತ್ತಲೇ ಬಸ್ಸು ಬಂತು, ಸಿಗ್ನಲ್ಲುಗಳೆಲ್ಲ ಅವನಿಗಾಗಿಯೇ ಹಸಿರಾದವು, ಎಂದೂ ಜಾಗ ಸಿಗದವನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬೇಕಾದಾಗ ಬಾರದ ಅದೃಷ್ಟ ಬೇಡವಾದಾಗ ಬಾಗಿಲು ಒದ್ದು ಬರುತ್ತದೆ. ಮಂಡಳಿಯ ಕಟ್ಟಡ ತಲುಪಿದಾಗ ಇನ್ನೂ ಇಪ್ಪತ್ತು ನಿಮಿಷವಿತ್ತು. ಹೆಂಡತಿಯನ್ನು ಮೆಟ್ಟಿಲ ಮೇಲೆ ಕೂರಿಸಿ ಅವನು ಕಟ್ಟಡಕ್ಕೆ ಸುತ್ತು ಹಾಕತೊಡಗಿದ. ಎರಡನೆಯ ಸುತ್ತಿಗೆ ಕಾವಲುಗಾರ ಏನು ಬೇಕೆಂದು ಕೇಳಿದ. ತಡ ಮಾಡುತ್ತಿದ್ದೇನೆ ಎಂದ ಮಾಸ್ತರ. ಒಳಗೆ ಹೋಗಿ, ಅವರೇ ಮಾಡ್ತಾರೆ, ನೀವ್ಯಾಕೆ ಕಷ್ಟಪಡ್ತೀರಿ ಎಂದು ಕಾವಲುಗಾರ ಅವನ ತೋಳು ಹಿಡಿದು ಒಳಗೆ ಬಿಟ್ಟ. ಹೆಂಡತಿಯೂ ಹಿಂದೆಯೇ ಬಂದಳು.

ಉದ್ದನೆಯ ಪಡಸಾಲೆ, ಗೋಡೆಗೆ ಸಾಲು ಬೆಂಚು, ಒಂದು ಮೂಲೆಯಲ್ಲಿ ನೀರಿನ ಡ್ರಮ್ಮು, ಅದಕ್ಕೆ ಸರಪಳಿಯಿಂದ ಕಟ್ಟಿದ ಲೋಟ. ಕಡತದ ಮೂರು ಪ್ರತಿ ತಂದಿದ್ದ. ಮಂಡಳಿಯಲ್ಲಿ ಮೂವರು, ಆದರೆ ಬರೆದುಕೊಳ್ಳುವವನೊಬ್ಬ ಇದ್ದರೆ? ಹೆಂಡತಿಯ ಕಡೆ ನೋಡಿದ. ಅವಳು ನಿಟ್ಟುಸಿರು ಬಿಟ್ಟು, ನಾಲ್ಕನೆಯ ಜೆರಾಕ್ಸ್ ಮಾಡಿಸಲು ಕೆಳಗಿಳಿದು ಹೋದಳು. ಅವಳು ಎದ್ದ ಜಾಗದಲ್ಲಿ ಒಬ್ಬ ಹೆಂಗಸು ಬಂದು ಕೂತಳು. ಗಂಡನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು. ಗಂಡ ಭಾರಿ ಆಳು, ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದನಂತೆ. ಬೆಂಚಿನ ಮೇಲೆ ಕೂತವನು ಎದ್ದ, ಎದ್ದವನು ಕೂತ. ನೀರು ಕುಡಿಯಲು ಹೋಗಿ, ಲೋಟ ಸರಪಳಿಯಿಂದ ಬಿಡದೇ ಹೋದಾಗ ಸರಪಳಿಯನ್ನೇ ಡ್ರಮ್ಮಿನಿಂದ ಕಿತ್ತು, ಲೋಟವನ್ನು ಎದುರು ಗೋಡೆಗೆ ಎಸೆದ. ಹೆಂಗಸು ಎದ್ದು ಹೋಗಿ, ಲೋಟ ಎತ್ತಿ ತಂದು ಡ್ರಮ್ಮಿನ ಮೇಲಿಟ್ಟು, ಮತ್ತೆ ಮಣಿಕಟ್ಟು ಹಿಡಿದು ಕೂತಳು. ಮೊದಲ ಸಲಕ್ಕೇ ಮಂಜೂರಾಯಿತಣ್ಣ, ಕಾರ್ಡು ತಗೊಂಡು ಹೋಗೋಕೆ ಬಂದಿದೀವಿ, ಇನ್ನು ಆಸ್ಪತ್ರೆಯಲ್ಲಿ ಸೇರಿಸ್ಕೋತಾರೆ ಎಂದಳು. ಅವಳ ಮುಖ ನೋಡಿದರೆ ಎಷ್ಟೋ ದಿನದ ನಿದ್ದೆ ಬಾಕಿಯಿದ್ದ ಹಾಗಿತ್ತು. ಕೈಚೀಲದಿಂದ ಮಂಜೂರಾತಿಯ ಆದೇಶ ತೆಗೆದು, ನೀವು ಓದಿದವರ ಹಾಗೆ ಕಾಣ್ತೀರಿ, ಇದರಲ್ಲಿ ಏನಿದೆ ಸ್ವಲ್ಪ ನೋಡಿ, ನಂಗೆ ಈ ಸರ್ಕಾರಿ ಭಾಷೆ ತಲೆಗೆ ಹತ್ತೋದಿಲ್ಲ ಎಂದು ಅವನ ಕೈಗಿಟ್ಟಳು.

ಅರ್ಜಿ ಸಂಖ್ಯೆ ನಲವತ್ತು ಹದಿನೇಳು. ಮಾಸ್ತರ ಬೆರಳಿಟ್ಟು ಓದಿದ. ಅರ್ಜಿದಾರರ ಪತ್ನಿಯ ಪತ್ರದ ಪ್ರಕಾರ ಅರ್ಜಿದಾರರು ಬದುಕಿರುವವರ ಸಾಮಾನನ್ನು ಸತ್ತವರ ಸಾಮಾನಿನಂತೆ ಮಡಚಿ ಎತ್ತಿಡುತ್ತಾರೆ. “ನನ್ನ ಪೆಟ್ಟಿಗೆಯ ಪಕ್ಕದಲ್ಲಿ ನಾನೇ ನಿಂತು, ನನ್ನನ್ನು ಯಾರ ಮನೆಗೆ ಕಳಿಸುತ್ತಾರೋ ಎಂದು ನೋಡುತ್ತಿರುತ್ತೇನೆ” ಎಂದು ಪತ್ನಿ ಬರೆದಿದ್ದು, ಇದು ಸೇವೆಯಿಂದಲೇ ಬಂದ ರೋಗವೆಂಬುದರಲ್ಲಿ ಸಂಶಯವಿಲ್ಲ. ಕೆಳಗೆ ಸೀಲು, ಮೂರು ಸಹಿ. ಮಾಸ್ತರ ಎರಡು ಸಲ ಓದಿದ. ತನ್ನಂಥವನು ಇನ್ನೊಬ್ಬನಿದ್ದಾನೆ. ಇಷ್ಟು ವರ್ಷ ತಾನೊಬ್ಬನೇ ಎಂದುಕೊಂಡಿದ್ದರೆ, ಇಲ್ಲಿ, ಒಂದು ಮೊಳ ದೂರದಲ್ಲಿ, ತನ್ನದೇ ರೋಗ ಹೊತ್ತ ಜೀವ ಕಾಲು ಕುಣಿಸುತ್ತ ಕೂತಿದೆ. ಹೆಂಗಸು ಮಾತ್ರ, ನಾನು ಹಾಗೆ ಬರೆದ ನೆನಪಿಲ್ಲ, ದೊಡ್ಡವರು ತಿದ್ದಿ ಚೆಂದ ಮಾಡಿರ್ತಾರೆ ಎಂದು ಕಾಗದ ಮಡಚಿಕೊಂಡಳು. ಮಾಸ್ತರ ಲಾರಿಯವನ ಕಡೆ ಬಾಗಿ, ಗುಟ್ಟು ಕೇಳುವವನ ಹಾಗೆ, ಅಂಗಿಯ ತೋಳನ್ನು ಮೊದಲು ಮಡಚುತ್ತೀರೋ ಕಾಲರನ್ನೋ ಎಂದು ಕೇಳಿದ. ಲಾರಿಯವನು ಅವನನ್ನು ದಿಟ್ಟಿಸಿ ನೋಡಿ, ಹೆಂಡತಿಗೆ, ಈ ಮನುಷ್ಯನಿಗೆ ತಲೆ ಸರಿಯಿಲ್ಲ ಎಂದ. ಈ ಮಾತನ್ನು ಮಂಡಳಿಯವರು ಕೇಳಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತಿರುವಾಗಲೇ ಒಳಗಿನಿಂದ ನಲವತ್ತು ಎಪ್ಪತ್ತೊಂದು ಎಂದು ಕೂಗಿದರು. ಅದು ಅವನ ಸಂಖ್ಯೆ.

ಒಳಗೆ ಮೂವರಿದ್ದರು. ನೆಗಡಿಯಾಗಿದ್ದ ಅಧ್ಯಕ್ಷರು, ಕಡತದ ಅಂಚಿನಲ್ಲಿ ಹೂವಿನ ಚಿತ್ರ ಬರೆಯುತ್ತಿದ್ದ ಡಾಕ್ಟರಮ್ಮ, ಕೈಕೊಟ್ಟ ಸ್ಟೇಪ್ಲರನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ ಸೈನ್ಯದ ಕಡೆಯ ಸದಸ್ಯ. ಕೂತುಕೊಳ್ಳಿ ಎಂದರು. ಕುರ್ಚಿಗೆ ಒಂದು ಕಾಲು ಗಿಡ್ಡ. ಮಾಸ್ತರ ಜೇಬಿನಿಂದ ಮೀಸೆಯ ಹಾಳೆಯನ್ನು ತೆಗೆದು, ಎಂಟು ಮಡಿಕೆ ಮಾಡಿ, ಗಿಡ್ಡ ಕಾಲಿನ ಕೆಳಗಿಟ್ಟು ಕೂತ. ಕುರ್ಚಿ ಅಲುಗಾಡಲಿಲ್ಲ. ಡಾಕ್ಟರಮ್ಮ ಇದನ್ನು ಬರೆದುಕೊಂಡರು. ಗುಂಡಿ ತಪ್ಪಾಗಿದೆಯಲ್ಲ ಎಂದು ಅವರೇ ಕೇಳಿದರು. ಒಂದೊಂದು ಕಾಜ ಕೆಳಗಿದೆ ಮೇಡಂ, ಒಟ್ಟು ಆರು ಎಂದು ಉತ್ತರ ಬಾಯಿಯಿಂದ ಹೊರಬಿದ್ದಮೇಲೆ ನಾಲಿಗೆ ಕಚ್ಚಿಕೊಂಡ. ಅದನ್ನೂ ಬರೆದುಕೊಂಡರು. ಸ್ಟೇಪ್ಲರಿನ ಸದಸ್ಯ ತಲೆಯೆತ್ತದೆ, ಉಗ್ರಾಣದ ಮೇಲೆ ಎಂದಾದರೂ ಬಾಂಬು ಬಿತ್ತೇ ಎಂದು ವಿಚಾರಿಸಿದರು. ಇಲ್ಲ. ಬೆಂಕಿ? ಇಲ್ಲ. ಇಲಿ? ಇಲಿಯಿತ್ತು. ಹಾಗಾದರೆ ಮನಸ್ಸಿಗೆ ಪೆಟ್ಟಾದ ಒಂದೇ ಒಂದು ಘಟನೆ ಹೇಳಿ, ತಾರೀಖು ಸಮೇತ ಎಂದರು ಅಧ್ಯಕ್ಷರು.

“ಒಂದು ಕನ್ನಡಕ, ಸರ್,” ಎಂದ ಮಾಸ್ತರ.

ಉಳಿದದ್ದನ್ನು ಅವನು ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡ. ಒಂದೇ ವಾರದಲ್ಲಿ ಸತ್ತ ಇಬ್ಬರ ಸಾಮಾನು ಒಂದೇ ಮೇಜಿನ ಮೇಲಿತ್ತು. ಒಬ್ಬನ ಕನ್ನಡಕ ಇನ್ನೊಬ್ಬನ ಪೆಟ್ಟಿಗೆಗೆ ಹೋಯಿತು. ಹನ್ನೊಂದು ವರ್ಷದಲ್ಲಿ ಅವನು ಮಾಡಿದ ತಪ್ಪು ಅದೊಂದೇ. ಎರಡು ತಿಂಗಳಿಗೆ ಆ ಇನ್ನೊಬ್ಬ ಹುಡುಗನ ತಾಯಿ ಕಾಗದ ಬರೆದಳು. ನಮ್ಮ ಹುಡುಗನಿಗೆ ಕಣ್ಣು ಮಂದವಾಗಿದ್ದು ನಮಗೆ ಗೊತ್ತೇ ಇರಲಿಲ್ಲ, ನೀವು ಕನ್ನಡಕ ಮಾಡಿಸಿಕೊಟ್ಟು ನೋಡಿಕೊಂಡಿರಿ, ಈಗ ಅದನ್ನು ನಾನೇ ಹಾಕಿಕೊಳ್ಳುತ್ತೇನೆ, ನನಗೂ ಚೆನ್ನಾಗಿ ಕಾಣುತ್ತದೆ. ಕಾಗದ ಓದಿದ ಮಾಸ್ತರ ಪಟ್ಟಿ ತೆಗೆದು ನೋಡಿದ, ತಪ್ಪು ಕಂಡುಹಿಡಿದ, ನಿಯಮದ ಪ್ರಕಾರ ಹದಿನೈದು ದಿನದೊಳಗೆ ವಸ್ತುವನ್ನು ಹಿಂತಿರುಗಿಸಬೇಕೆಂದು ಅಂದವಾದ ಅಕ್ಷರದಲ್ಲಿ ಬರೆದು ಕಳಿಸಿದ. ಹನ್ನೆರಡನೆಯ ದಿನಕ್ಕೇ ಬಂತು. ಹತ್ತಿಯಲ್ಲಿ ಸುತ್ತಿ, ಗಾಜು ಒರೆಸಿ, ಜೊತೆಗೊಂದು ಚೀಟಿ: ಎಡಗಡೆಯ ಕಡ್ಡಿ ನನ್ನಿಂದ ಸ್ವಲ್ಪ ಬಾಗಿದೆ, ಕ್ಷಮಿಸಬೇಕು. ಸರಿಯಾದ ವಿಳಾಸಕ್ಕೆ ಕಳಿಸಿದರೆ, ಆ ಮನೆಯಲ್ಲಿ ತೆಗೆದುಕೊಳ್ಳುವವರು ಯಾರೂ ಉಳಿದಿರಲಿಲ್ಲ; ಹಿಂದಕ್ಕೆ ಬಂತು. ಆಮೇಲೆ ಪ್ರತಿ ವರ್ಷವೂ ಉಗ್ರಾಣದ ತಪಾಸಣೆಯಲ್ಲಿ ಅವನೇ ಅದನ್ನು ಬರೆಯುತ್ತಿದ್ದ: ಕನ್ನಡಕ ಒಂದು, ಕಡ್ಡಿ ಬಾಗಿದೆ. ಮೇಲಧಿಕಾರಿ ಎಲ್ಲರ ಮುಂದೆ ಅವನ ಬೆನ್ನು ತಟ್ಟಿದ್ದರು, ತಪ್ಪು ತಿದ್ದಿಕೊಂಡವನು ಎಂದು. ಆ ಹೊಗಳಿಕೆಯನ್ನು ಅವನು ಇಂದಿಗೂ ಯಾರಿಗೂ ಹೇಳಿಲ್ಲ.

ಯಾರಿಗಾದರೂ ಪೆಟ್ಟಾಯಿತೇ ಎಂದು ಅಧ್ಯಕ್ಷರು ಮೂಗು ಒರೆಸಿಕೊಳ್ಳುತ್ತ ಕೇಳಿದರು. ಒಂದು ಕಡ್ಡಿ ಬಾಗಿತ್ತು ಸರ್ ಎಂದ. ಅವರು ಡಾಕ್ಟರಮ್ಮನ ಮುಖ ನೋಡಿದರು, ಡಾಕ್ಟರಮ್ಮ ಹೂವಿಗೆ ಒಂದು ಎಲೆ ಸೇರಿಸಿದರು. ಹೋಗಲಿ, ನಿಮ್ಮ ಹೆಂಡತಿಯ ಪತ್ರಕ್ಕೆ ಬರೋಣ ಎಂದು ಅಧ್ಯಕ್ಷರು ಒಂದು ಹಾಳೆ ಎತ್ತಿಕೊಂಡರು. ಮಾಸ್ತರನಿಗೆ ಕಿವಿ ಬಿಸಿಯಾಯಿತು. ಹೆಂಡತಿ ಆ ಪತ್ರವನ್ನು ಬಾಗಿಲು ಹಾಕಿಕೊಂಡು ಬರೆದು, ಅಂಟಿಸಿ, ತಾನೇ ಬಂದು ಕೊಟ್ಟು ಹೋಗಿದ್ದಳು. ಗೌಪ್ಯತೆಗಾಗಿ ಹೆಸರು ಬರೆಯಬಾರದು, ಸಂಖ್ಯೆ ಮಾತ್ರ ಎಂದು ನಿಯಮವಿತ್ತು. ಅಧ್ಯಕ್ಷರು ಓದಿದರು: ನಮ್ಮ ಮನೆಯವರು ಊಟದ ತಟ್ಟೆ ಎಸೆಯುತ್ತಾರೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಸಂಜೆಯವರೆಗೂ ಕೂರುತ್ತಾರೆ. ಪೆನ್ನು ಹಿಡಿಯಲು ಬರುವುದಿಲ್ಲ, ಸಹಿ ಮಾಡಿದರೆ ಕಾಗದ ಹರಿಯುತ್ತದೆ. ಒಂದು ಕ್ಷಣ ಮಾಸ್ತರನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ತನಗೋಸ್ಕರ ಇಷ್ಟು ಸುಳ್ಳು ಹೇಳಿದಳಲ್ಲ. ಮರುಕ್ಷಣ ಭಯವಾಯಿತು. ಒಂದು ವೇಳೆ ಸುಳ್ಳಲ್ಲದಿದ್ದರೆ? ತಾನು ಎಸೆದದ್ದು ತನಗೇ ನೆನಪಿಲ್ಲದಿದ್ದರೆ? ಆದರೆ ಮನೆಯಲ್ಲಿ ಆರು ತಟ್ಟೆಗಳಿದ್ದವು, ಇವತ್ತು ಬೆಳಿಗ್ಗೆಯೂ ಆರಿದ್ದವು. ಅಧ್ಯಕ್ಷರು ಹಾಳೆಯನ್ನು ಅವನ ಕಡೆ ತಳ್ಳಿದರು. ಅಕ್ಷರ ಹೆಂಡತಿಯದಲ್ಲ. ಹಿಂಬದಿ ತಿರುಗಿಸಿ ನೋಡಿದ. ನಲವತ್ತು ಹದಿನೇಳು.

“ಒಂದೋ ನಿಮ್ಮ ಹೆಂಡತಿ ಸುಳ್ಳು ಹೇಳ್ತಿದಾರೆ, ಇಲ್ಲಾ ನಿಮ್ಮ ಕೈಬರಹ ಸುಳ್ಳು ಹೇಳ್ತಿದೆ,” ಎಂದರು ಅಧ್ಯಕ್ಷರು. “ಎಷ್ಟು ತಟ್ಟೆ ಎಸೆದಿದೀರಿ?”

ಉತ್ತರ ಕೊಡುವ ಮೊದಲು ನಿಯಮ ತಿಳಿಸುವುದು ತಮ್ಮ ಕರ್ತವ್ಯವೆಂದು ಅವರೇ ಒಂದು ಅಚ್ಚಾದ ಹಾಳೆಯನ್ನು ಮುಂದಿಟ್ಟರು. ಕಡತದಲ್ಲಿರುವುದೆಲ್ಲ ನನ್ನದೇ ಎಂದು ಅರ್ಜಿದಾರ ಸಹಿ ಮಾಡಬೇಕು. ಯಾವುದಾದರೂ ಕಾಗದ ಬೇರೆಯವರದ್ದೆಂದು ಕಂಡುಬಂದರೆ ಈಗಲೇ ಹೇಳಬಹುದು. ಹಾಗೆ ಹೇಳಿದರೆ ಎರಡೂ ಕಡತಗಳು ಮೊದಲ ಹಂತಕ್ಕೆ ವಾಪಸು, ಮಂಜೂರಾಗಿದ್ದರೆ ಮಂಜೂರಾತಿ ಅಮಾನತು, ಕಾರ್ಡು ಕೊಟ್ಟಿದ್ದರೆ ಹಿಂತಿರುಗಿಸಬೇಕು. ಮೊದಲ ಹಂತ ಈಗ ನಾಲ್ಕು ವರ್ಷ ತೆಗೆದುಕೊಳ್ಳುತ್ತಿದೆ. ಹೇಳದಿದ್ದರೆ ಇವತ್ತಿನ ತೀರ್ಪೇ ಕೊನೆ, ಇದರ ಮೇಲೆ ಇನ್ನೊಂದು ಮನವಿಯಿಲ್ಲ. ನೆಗಡಿಯ ದನಿಯಲ್ಲಿ ಅವರು ಇದನ್ನು ದಿನಕ್ಕೆ ಹತ್ತು ಸಲ ಓದುವವರಂತೆ ಓದಿದರು.

ಮಾಸ್ತರ ಹಾಳೆ ನೋಡುತ್ತ ಕೂತ. ತಪ್ಪಾದ ಪಟ್ಟಿಯ ಮುಂದೆ ಅವನು ಎಂದೂ ಸುಮ್ಮನೆ ಕೂತವನಲ್ಲ. ಬೆರಳುಗಳು ಆಗಲೇ ಬೆವೆತಿದ್ದವು. ಈ ಪತ್ರ ಇಲ್ಲಿದೆ ಎಂದರೆ ಇಲ್ಲಿರಬೇಕಾದದ್ದು ಅಲ್ಲಿದೆ. ಪೆಟ್ಟಿಗೆಯ ಪಕ್ಕ ನಿಂತು, ತನ್ನನ್ನು ಯಾರ ಮನೆಗೆ ಕಳಿಸುತ್ತಾರೋ ಎಂದು ನೋಡುತ್ತಿರುವವಳು ಯಾರೆಂದು ಈಗ ಅವನಿಗೆ ಗೊತ್ತಾಯಿತು. ಇಷ್ಟು ವರ್ಷದ ಭಾನುವಾರಗಳಲ್ಲಿ ಅವನು ತಲೆಯೆತ್ತಿ ಅವಳ ಮುಖ ನೋಡಿರಲಿಲ್ಲ, ಮುಖ ಪಟ್ಟಿಗೆ ಸೇರುವ ವಸ್ತುವಲ್ಲವಾದ್ದರಿಂದ. ಹೊರಗೆ ಕುಣಿಯುವ ಕಾಲಿನ ಆ ಆಳು, ಮಣಿಕಟ್ಟು ಹಿಡಿದ ಆ ಹೆಂಗಸು. ಒಂದು ಮಾತು ಸಾಕು. ಒಬ್ಬ ಗುಮಾಸ್ತ ಅಂದವಾದ ಅಕ್ಷರದಲ್ಲಿ ಅವರಿಗೊಂದು ಕಾಗದ ಬರೆಯುತ್ತಾನೆ, ಹದಿನೈದು ದಿನದೊಳಗೆ ಹಿಂತಿರುಗಿಸಬೇಕೆಂದು. ಅವಳು ಹಿಂತಿರುಗಿಸುತ್ತಾಳೆ. ಅಂಥವರು ಕ್ಷಮೆ ಕೇಳಿ ಹಿಂತಿರುಗಿಸುತ್ತಾರೆ.

ಪತ್ರ ನನ್ನ ಹೆಂಡತಿಯದೇ ಸರ್ ಎಂದ. ತಟ್ಟೆಯ ಲೆಕ್ಕ ಹೇಳಿ ಎಂದರು ಅಧ್ಯಕ್ಷರು. ಮೂರು ಎಂದರೆ ಸಾಕಿತ್ತು, ನಾಲ್ಕು ಎಂದರೂ ನಡೆಯುತ್ತಿತ್ತು. ಸುಳ್ಳು ಹೇಳಲು ಸಿದ್ಧನಿದ್ದ, ಸುಳ್ಳು ಎಣಿಸಲು ಮಾತ್ರ ಆಗಲಿಲ್ಲ.

“ಆರಿದ್ದವು ಸರ್. ಆರೂ ಇವೆ.”

ಅಷ್ಟು ಹೊತ್ತಿಗೆ ಸ್ಟೇಪ್ಲರು ರಿಪೇರಿಯಾಗಿತ್ತು. ಅದರ ಮೊದಲ ಮೊಳೆ ಅವನ ತೀರ್ಪಿಗೇ ಬಿತ್ತು. ಕಡತದಲ್ಲಿರುವುದೆಲ್ಲ ನನ್ನದೇ ಎಂಬ ಹಾಳೆಯ ಕೆಳಗೆ ಮಾಸ್ತರ ಸಹಿ ಹಾಕಿದ. ಅದು ಅವನು ಸಹಿ ಹಾಕಿದ ಮೊದಲ ಸುಳ್ಳು ಪಟ್ಟಿ, ಆದರೂ ಎಷ್ಟು ಚೆಂದದ ಸಹಿ ಎಂದು ಡಾಕ್ಟರಮ್ಮ ಸದಸ್ಯರಿಗೆ ತೋರಿಸಿದರು. ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ ಅಂತಾರಲ್ಲ, ಅದಕ್ಕೆ ಸೈನ್ಯವನ್ನು ದೂರಿ ಏನು ಪ್ರಯೋಜನ ಎಂದು ಅಧ್ಯಕ್ಷರು ಸಮಾಧಾನ ಹೇಳುವ ದನಿಯಲ್ಲೇ ಹೇಳಿದರು. ಕೆಟ್ಟವರೇನಲ್ಲ. ಹೊರಡುವಾಗ ಬಾಗಿಲಿನವರೆಗೂ ನೋಡಿದರು.

ಪಡಸಾಲೆಯಲ್ಲಿ ಲಾರಿಯವನೂ ಅವನ ಹೆಂಡತಿಯೂ ಇರಲಿಲ್ಲ. ಕಾರ್ಡು ತೆಗೆದುಕೊಂಡು ಹೋಗಿರಬೇಕು. ಬೆಂಚಿನಲ್ಲಿ ಮಾಸ್ತರನ ಹೆಂಡತಿ ನಾಲ್ಕನೆಯ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತೀರ್ಪನ್ನು ಅವಳ ಕೈಗಿಟ್ಟ. ಅವಳು ಓದಿದಳು, ಸ್ವಭಾವ ಎಂಬ ಪದದ ಹತ್ತಿರ ಬೆರಳು ನಿಂತಿತು. ಅವರು ನನ್ನ ಪತ್ರ ಓದಲಿಲ್ಲವೇ ಎಂದಷ್ಟೇ ಕೇಳಿದಳು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನಾದರೂ ಹೇಳಿ ಪಾರಾಗಬಹುದಿತ್ತು. ಮಾಸ್ತರ ಅವಳ ಮುಖ ನೋಡಿದ. ನನ್ನ ಪೆಟ್ಟಿಗೆಯ ಪಕ್ಕದಲ್ಲಿ ನಾನೇ ನಿಂತು, ನನ್ನನ್ನು ಯಾರ ಮನೆಗೆ ಕಳಿಸುತ್ತಾರೋ ಎಂದು ನೋಡುತ್ತಿರುತ್ತೇನೆ, ಎಂದು ಒಂದಕ್ಷರ ಬಿಡದೆ ಹೇಳಿದ. ಆಮೇಲೆ ಉಳಿದದ್ದನ್ನೆಲ್ಲ ಹೇಳಿದ, ಹದಿನೇಳು, ಎಪ್ಪತ್ತೊಂದು, ಗೋಡೆಗೆ ಎಸೆದ ಲೋಟ, ತಟ್ಟೆಯ ಪತ್ರ, ನಾಲ್ಕು ವರ್ಷ, ಸಹಿ. ಹೇಳಿ ಮುಗಿಸಿ, ಅವಳು ಎದ್ದು ತಂಗಿಯ ಮನೆಗೆ ಹೊರಡಲೆಂದು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತ.

ಅವಳು ಏಳಲಿಲ್ಲ. ನಾಲ್ಕನೆಯ ಪ್ರತಿಯನ್ನು ಪಕ್ಕಕ್ಕಿಟ್ಟು, ಆ ಆದೇಶದಲ್ಲಿ ರೋಗ ಅಂತಲೇ ಬರೆದಿದ್ದರಾ ಎಂದು ಕೇಳಿದಳು. ಸೇವೆಯಿಂದಲೇ ಬಂದ ರೋಗ, ಸಂಶಯವಿಲ್ಲ ಅಂತ ಇತ್ತು ಎಂದ. ಸೀಲು? ಇತ್ತು. ಸಹಿ? ಮೂರು.

“ಅಂದ್ರೆ ನಾನು ಬರೆದದ್ದನ್ನ ಒಪ್ಕೊಂಡ್ರು,” ಎಂದಳು. “ಮೂರು ಜನ ಕೂತು ಓದಿ, ಸಂಶಯ ಇಲ್ಲ ಅಂದ್ರು. ಈ ಸ್ವಭಾವ ಗಿಭಾವ ಎಲ್ಲ ಆ ತಟ್ಟೆ ಎಸೆಯೋ ಗಂಡಂಗೆ ಬಂದದ್ದು ರೀ, ನಿಮಗಲ್ಲ. ನಿಮಗೆ ರೋಗ.”

ಅವಳು ಅವನ ಮಣಿಕಟ್ಟನ್ನು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಮಾಸ್ತರನಿಗೆ ಅಳು ಬಂತು. ಸತ್ತವರ ಅಷ್ಟು ಸಾಮಾನಿನ ನಡುವೆ ಒಮ್ಮೆಯೂ ಬಾರದ ಅಳು, ಈಗ ಹಗಲು ಹೊತ್ತಿನಲ್ಲಿ, ಸಾಲು ಬೆಂಚಿನ ಜನರ ಎದುರು, ಸದ್ದು ಮಾಡಿಕೊಂಡೇ ಬಂತು. ಬಾಗಿಲಲ್ಲಿ ಸಂಖ್ಯೆ ಕೂಗುವವನು ಇವರನ್ನು ನೋಡಿ, ಸಿಕ್ಕಿತೇನಮ್ಮ ಎಂದು ಕೇಳಿದ. ಸಿಕ್ಕಿತು ಎಂದಳು ಅವಳು.